ಸಂಡೂರು ಬೆಟ್ಟಗಳು: ಅದಿರೂ ನೀರೂ ಒಂದೇ ನೆತ್ತಿಯಲ್ಲಿ

ಬಳ್ಳಾರಿ ಬಯಲಿನ ಬೋಳು ಬಂಡೆಗುಡ್ಡಗಳನ್ನು ದಾಟಿ ಬಂದವರಿಗೆ ಸಂಡೂರು ಬೇರೆಯೇ ನಾಡಿನಂತೆ ತೋರುತ್ತದೆ. ಕಾಡು ಹೊದ್ದ ಬೆಟ್ಟಸಾಲುಗಳ ನಡುವಿನ ಕಣಿವೆಯಲ್ಲಿ ಊರು ನೆಲೆಸಿದೆ. ನಾರಿಹಳ್ಳವು ಆ ಸಾಲುಗಳನ್ನು ಕೊರೆದು ದಾರಿ ಮಾಡಿಕೊಂಡ ಕಡೆಗಳೇ ಭೀಮಗಂಡಿ ಮತ್ತು ಓಬಳಗಂಡಿ. 19ನೆಯ ಶತಮಾನದಲ್ಲಿ ಬ್ರಿಟಿಷರು ತಮ್ಮ ಸೈನಿಕರಿಗಾಗಿ ರಾಮನದುರ್ಗದ ಮೇಲೆ ಆರೋಗ್ಯಧಾಮ ಕಟ್ಟಿದ್ದು ಇಲ್ಲಿನ ತಂಪನ್ನು ನಂಬಿಯೇ.

ಆ ತಂಪಿಗೂ ಅದಿರಿಗೂ ಇರುವ ನಂಟನ್ನು ಅರಿಯದೆ ಸಂಡೂರಿನ ಗಣಿ ವಿವಾದ ಅರ್ಥವಾಗುವುದಿಲ್ಲ. ಬೆಟ್ಟದ ನೆತ್ತಿಯಲ್ಲಿರುವ, ಹೆಮಟೈಟ್ ಎಂಬ ಕಬ್ಬಿಣದ ಖನಿಜದ ಪದರವೇ ಅದಿರು. ಬಿಸಿಲು ಮಳೆಗೆ ಬಿರುಕುಬಿಟ್ಟ ಅದೇ ಪದರವು ಮುಂಗಾರಿನ ನೀರನ್ನು ಹೀರಿ, ತಿಂಗಳುಗಟ್ಟಲೆ ಹಿಡಿದಿಟ್ಟು, ಇಳಿಜಾರಿನ ಒರತೆಗಳಿಗೆ ನಿಧಾನವಾಗಿ ಬಿಟ್ಟುಕೊಡುತ್ತದೆ. ಕಡಿದ ಮರದ ಬದಲು ಇನ್ನೊಂದನ್ನು ನೆಡಬಹುದು. ಒಯ್ದ ನೆತ್ತಿಯನ್ನು ಮರಳಿ ಇಡಲಾಗದು.

ಘೋರ್ಪಡೆ ಮನೆತನ ಆಳುತ್ತಿದ್ದ ಸಂಡೂರು ಎಂಬ ಪುಟ್ಟ ಸಂಸ್ಥಾನ 1949ರಲ್ಲಿ ಭಾರತದಲ್ಲಿ ವಿಲೀನವಾಯಿತು. ಗಾಂಧೀಜಿ 1934ರಲ್ಲಿ ಇಲ್ಲಿಗೆ ಬಂದಿದ್ದರು. ಬೆಟ್ಟದ ಮೇಲಿನ ಪಾರ್ವತಿ ಮತ್ತು ಕುಮಾರಸ್ವಾಮಿ ದೇಗುಲಗಳು ಸಂಸ್ಥಾನಕ್ಕಿಂತ ಎಷ್ಟೋ ಶತಮಾನ ಹಳೆಯವು. ಗಣಿಗಾರಿಕೆಯೂ ನಿನ್ನೆ ಮೊನ್ನೆಯದಲ್ಲ: ಸಂಸ್ಥಾನದ ಕಾಲದಲ್ಲೇ ಮ್ಯಾಂಗನೀಸ್ ತೆಗೆಯುತ್ತಿದ್ದರು, 1954ರಲ್ಲಿ ಸಂಡೂರು ಮ್ಯಾಂಗನೀಸ್ ಕಂಪನಿ ಸ್ಥಾಪನೆಯಾಯಿತು, 1977ರಲ್ಲಿ ದೋಣಿಮಲೆಯಲ್ಲಿ ಕೇಂದ್ರ ಸರ್ಕಾರದ ಗಣಿ ಕಂಪನಿ ಎನ್‌ಎಂಡಿಸಿಯ ಯಂತ್ರಚಾಲಿತ ಗಣಿ ಆರಂಭವಾಯಿತು.

ಬದಲಾದದ್ದು ವೇಗ. 2003ರ ನಂತರ ಚೀನಾದ ಬೇಡಿಕೆಯಿಂದ ಬೆಲೆ ಏರಿದಾಗ, ಅದಿರಿನ ಲಾರಿಗಳು ಹಗಲಿರುಳು ಓಡಿ, ರಸ್ತೆ ಬದಿಯ ಹೊಲ, ಮನೆ, ಬಾವಿಗಳೆಲ್ಲ ಕೆಂಧೂಳಿನಲ್ಲಿ ಮುಳುಗಿದವು. ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆಯ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2011ರ ಜುಲೈನಲ್ಲಿ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಮುಂದೆ ಹಂತಹಂತವಾಗಿ ಮತ್ತೆ ಅನುಮತಿಸಿ, 2013ರಲ್ಲಿ ಜಿಲ್ಲೆಯ ಅದಿರು ಉತ್ಪಾದನೆಗೆ ವರ್ಷಕ್ಕೆ 2.5 ಕೋಟಿ ಟನ್ನಿನ ಮಿತಿ ಹಾಕಿತು. 2022ರ ವೇಳೆಗೆ ಆ ಮಿತಿ 3.5 ಕೋಟಿ ಟನ್ನಿಗೆ ಏರಿತ್ತು.

ಈ ಏರಿಳಿತಗಳನ್ನು ಮೈಮೇಲೆ ಹೊತ್ತವರು ಇಲ್ಲಿನ ಜನ. ಒಂದು ಕಾಲದಲ್ಲಿ ಎತ್ತುಗಳ ಮೇಲೆ ದವಸ, ಉಪ್ಪು ಹೇರಿ ಸಾಗುತ್ತಿದ್ದ ಲಂಬಾಣಿಗರು, ರೈಲು ಬಂದು ಆ ವೃತ್ತಿ ತಪ್ಪಿದ ಮೇಲೆ ತಾಂಡಾಗಳಲ್ಲಿ ನೆಲೆಯಾದರು. ಸುಶೀಲಾನಗರದಂಥ ತಾಂಡಾಗಳ ಹೆಣ್ಣುಮಕ್ಕಳು ಕನ್ನಡಿ, ಕವಡೆ ಕೂಡಿಸಿ ಹಾಕುವ ಕಸೂತಿ ಇಂದು ಭೌಗೋಳಿಕ ಸೂಚಿಕೆ (ಜಿಐ) ಮಾನ್ಯತೆ ಪಡೆದಿದೆ. ಬೆಟ್ಟ ಅವರಿಗೆ ಕೇವಲ ನೋಟವಲ್ಲ. ಸೌದೆ, ಮೇವು, ನೀರು ಎಲ್ಲವೂ ಅದೇ.

ಈಗಿನ ಪ್ರಶ್ನೆ ಸಂಡೂರಿನ ದೇವದಾರಿ ಬೆಟ್ಟದ್ದು. ಇಲ್ಲಿ ಗಣಿ ತೆರೆಯಲು ಹೊರಟಿರುವುದು ಅಕ್ರಮ ದಂಧೆಯಲ್ಲ, 2005ರ ಕೊನೆಯವರೆಗೆ ಕುದುರೆಮುಖದಲ್ಲಿ ಅದಿರು ತೆಗೆದ ಕೇಂದ್ರ ಸರ್ಕಾರದ ಕಂಪನಿ. ಸುಮಾರು 400 ಹೆಕ್ಟೇರ್ ಅರಣ್ಯವನ್ನು ಅದಕ್ಕೆ ಹಸ್ತಾಂತರಿಸಬಾರದೆಂದು 2024ರ ಜೂನ್‌ನಲ್ಲಿ ರಾಜ್ಯದ ಅರಣ್ಯ ಸಚಿವರು ಸೂಚಿಸಿದರು. ಚರ್ಚೆಯೆಲ್ಲ ಉರುಳಲಿರುವ ಮರಗಳ ಎಣಿಕೆಯ ಸುತ್ತ ನಡೆಯಿತು. ಆ ನೆತ್ತಿ ಹಿಡಿದಿಟ್ಟಿರುವ ನೀರಿನ ಲೆಕ್ಕವನ್ನು ಕೇಳಿದವರು ಕಡಿಮೆ.