ಕಡಲು ಯಾವ ಲಿಂಗ? ಹೊಸ ಭಾಷೆ ಕಟ್ಟುವವರಿಗೆ ಒಂದು ಟಿಪ್ಪಣಿ

ಲಿಂಗ ಅಂದ ಕೂಡಲೇ ಗಂಡು, ಹೆಣ್ಣು ಅಂತಲೇ ಹೊಳೆಯುತ್ತದೆ, ಅಲ್ವಾ? ನಿಜದಲ್ಲಿ ಅದು ನಾಮಪದಗಳ ಗುಂಪು. ಆದರೆ ಗುಂಪಿನ ಗುರುತು ವಾಕ್ಯದ ಬೇರೆ ಪದದ ಮೇಲೆ ಬೀಳಬೇಕು. ಕನ್ನಡದಲ್ಲಿ 'ದೊಡ್ಡ' ಎಲ್ಲದಕ್ಕೂ ಒಂದೇ. ಹುಡುಗ ಬಂದ, ಹುಡುಗಿ ಬಂದಳು, ಬಸ್ಸು ಬಂತು ಅನ್ನುವಾಗ ಮಾತ್ರ ಗುಂಪು ಗೊತ್ತಾಗುತ್ತದೆ. ಎಣಿಸುವಾಗಲೂ ಹಾಗೆಯೇ: ಇಬ್ಬರು ಹುಡುಗರು, ಎರಡು ಬಸ್ಸು.

ಗೆರೆ ಎಲ್ಲಿ ಎಳೆಯಬೇಕು ಅನ್ನುವುದಕ್ಕೆ ನಮ್ಮ ಮಂಗಳೂರಿನಲ್ಲೇ ಬೇಕಾದಷ್ಟು ಮಾದರಿ ಇದೆ. ಹವ್ಯಕರ ಮನೆಯಲ್ಲಿ 'ಅಕ್ಕ ಬಂತು' ಅನ್ನುತ್ತಾರೆ. ಅದರಲ್ಲಿ ಅಗೌರವ ಏನೂ ಇಲ್ಲ. ಕೊಂಕಣಿಯ 'ಚೆಡುಂ', ಅಂದರೆ ಹುಡುಗಿ, ನಪುಂಸಕ.

ನನಗೆ ತುಂಬಾ ಹಿಡಿಸಿದ್ದು ಆಸ್ಟ್ರೇಲಿಯಾದ ಜಿರ್ಬಲ್ ಭಾಷೆ. ಅಲ್ಲಿ ನಾಲ್ಕು ಗುಂಪು. ಗಂಡಸರು ಮತ್ತು ಹೆಚ್ಚಿನ ಪ್ರಾಣಿಗಳು ಒಂದರಲ್ಲಿ; ಹೆಂಗಸರು, ನೀರು, ಬೆಂಕಿ ಇನ್ನೊಂದರಲ್ಲಿ; ತಿನ್ನುವ ಹಣ್ಣು-ಕಾಯಿ ಮೂರನೆಯದರಲ್ಲಿ; ಉಳಿದದ್ದು ನಾಲ್ಕನೆಯದು. ಚಂದ್ರ ಗಂಡಸರ ಗುಂಪು, ಸೂರ್ಯ ಹೆಂಗಸರ ಗುಂಪು. ಯಾಕೆಂದರೆ ಅವರ ಕಥೆಯಲ್ಲಿ ಅವರಿಬ್ಬರು ಗಂಡ-ಹೆಂಡತಿ. ಮೀನು ಹಿಡಿಯುವ ಈಟಿಗೂ ಮೀನಿನದ್ದೇ ಗುಂಪು. ಅಂದರೆ ಅರ್ಥ ನೋಡಿ ಗುಂಪು ಮಾಡುವಾಗ ವಸ್ತು ಏನು ಅನ್ನುವುದಷ್ಟೇ ಸಾಲದು. ಜನ ಅದನ್ನು ಏನೆಂದು ನಂಬಿದ್ದಾರೆ, ಯಾವುದರ ಜೊತೆ ಬಳಸುತ್ತಾರೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ.

ನಾನು ಕಟ್ಟುತ್ತಿರುವುದು ಮೀನುಗಾರರ ಭಾಷೆ. ಅದರಲ್ಲೂ ನಾಲ್ಕು ಗುಂಪು: ಜನ, ತಾನಾಗಿ ಚಲಿಸುವುದು, ತಿನ್ನುವುದು, ಉಳಿದದ್ದು. ಗುರುತು ಕ್ರಿಯಾಪದದ ಕೊನೆಯಲ್ಲಿ. ಬಂಗುಡೆಗೆ 'ಸೆಲ', ಬೀಳು ಅನ್ನುವುದಕ್ಕೆ 'ಕೊಪ' ಅಂತ ಇಟ್ಟಿದ್ದೇನೆ. 'ಸೆಲ ಕೊಪರಿ' ಅಂದರೆ ಜೀವ ಇರುವ ಬಂಗುಡೆ ಬಲೆಗೆ ಬಿತ್ತು. ಅದೇ ಮೀನು ದಕ್ಕೆಯಲ್ಲಿ ಬುಟ್ಟಿಯಿಂದ ಜಾರಿದರೆ 'ಸೆಲ ಕೊಪತು'. ಆಗ ಅದು ಸಾರಿನ ಮೀನು. ಒಂದೇ ಪದ, ಗುಂಪು ಮಾತ್ರ ಬದಲು. ಈ ಜಾಗ ಸಿಕ್ಕಿದ ದಿನ ನನಗೆ ಖುಷಿಯೋ ಖುಷಿ.

ಕಡಲನ್ನು ಮೊದಲು ಚಲಿಸುವ ಗುಂಪಿಗೆ ಹಾಕಿದ್ದೆ. ಆಮೇಲೆ ಸಮುದ್ರಪೂಜೆ ನೆನಪಾಯಿತು. ಹಾಲೆರೆದು, ತೆಂಗಿನಕಾಯಿ ಬಿಟ್ಟು, ಕಾಪಾಡು ಅಂತ ಕೈ ಮುಗಿಯುವುದು ಸುಮ್ನೆ ಅಲೆಯುವ ನೀರಿಗಾ? ಕಡಲು ಈಗ ಜನರ ಗುಂಪಿನಲ್ಲಿದೆ. ದೋಣಿಯನ್ನು ಎಲ್ಲಿಡಲಿ ಅಂತ ಇನ್ನೂ ಯೋಚಿಸುತ್ತಿದ್ದೇನೆ.