ಕೈತಪ್ಪೋ, ಕೈಚಳಕವೋ?

2003ರ ನವೆಂಬರ್‌ನಲ್ಲಿ ಕಂಪ್ಯೂಟರ್ ನಡೆಸುವ ಲಿನಕ್ಸ್ ತಂತ್ರಾಂಶದ ತಿರುಳಾದ ಕರ್ನಲ್‌ನ ಒಂದು ಪ್ರತಿಯೊಳಗೆ ಎರಡು ಹೊಸ ಕೋಡ್ ಸಾಲುಗಳು ಕಾಣಿಸಿಕೊಂಡವು. ಮೇಲುನೋಟಕ್ಕೆ ಅದು ಸಲ್ಲದ ಆಯ್ಕೆಗಳನ್ನು ತಿರಸ್ಕರಿಸುವ ಮಾಮೂಲಿ ತಪಾಸಣೆ. ಬಳಕೆದಾರನ ಸಂಖ್ಯೆ ಸೊನ್ನೆಯೇ ಎಂದು ಕೇಳುವ ಜಾಗದಲ್ಲಿ '==' ಬದಲು '=' ಇತ್ತು, ಅಷ್ಟೇ. ಕರ್ನಲ್ ಬರೆದಿರುವ ಸಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಎರಡು ಸಮಚಿಹ್ನೆಗಳಿದ್ದರೆ ಹೋಲಿಕೆ. ಒಂದೇ ಇದ್ದರೆ ಆ ಬೆಲೆಯನ್ನು ತುಂಬಿಯೇಬಿಡುತ್ತದೆ. ಸೊನ್ನೆ ಎಂದರೆ ಯಂತ್ರದ ಸರ್ವಾಧಿಕಾರಿಯ ಸಂಖ್ಯೆ. ಗುಟ್ಟು ತಿಳಿದವನು ಆ ಆಯ್ಕೆಗಳನ್ನೇ ಕೊಟ್ಟರೆ ಕಂಪ್ಯೂಟರ್ ಪೂರ್ತಿ ಅವನ ವಶ.

ಸಿ ಕಲಿತವರಲ್ಲಿ ಈ ತಪ್ಪು ಮಾಡದವರು ಸಿಗುವುದು ಕಷ್ಟ. ಹಾಗಿದ್ದೂ ಇದು ದುರುದ್ದೇಶವೆಂದು ತಿಳಿದದ್ದು ಆ ಚಿಹ್ನೆಯಿಂದಲ್ಲ, ಅದು ಬಂದ ದಾರಿಯಿಂದ. ಮೂಲ ಸಂಗ್ರಹದಲ್ಲಿ ಆ ಸಾಲುಗಳೇ ಇರಲಿಲ್ಲ. ಯಾರೋ ಪ್ರತಿಯೊಳಗೆ ಮಾತ್ರ ನುಸುಳಿ ಬರೆದು ಹೋಗಿದ್ದರು.

2014ರಲ್ಲಿ ಆಪಲ್‌ನ ಭದ್ರತಾ ತಂತ್ರಾಂಶದಲ್ಲಿ 'ಗೋಟು ಫೇಲ್' (ಉಳಿದ ತಪಾಸಣೆ ಬಿಟ್ಟು ಕೊನೆಗೆ ಹಾರು) ಎಂಬ ಸಾಲು ಎರಡು ಬಾರಿ ಬಂದಿತ್ತು. ಎರಡನೆಯದಕ್ಕೆ ಷರತ್ತಿನ ಕಡಿವಾಣವಿಲ್ಲ. ಡಿಜಿಟಲ್ ಸಹಿಯ ಪರೀಕ್ಷೆಯನ್ನೇ ದಾಟಿಕೊಂಡು ಮುಂದೆ ಹೋಗುತ್ತಿತ್ತು. ಅಪ್ಪಟ ಅಜಾಗರೂಕತೆ ಎಂದೇ ನನಗೆ ಅನಿಸುತ್ತದೆ. ಆದರೆ ಬೇಕೆಂದೇ ಮಾಡುವವನೂ ಇದಕ್ಕಿಂತ ಬೇರೆಯಾಗಿ ಏನು ಮಾಡುತ್ತಿದ್ದ?

ಇಂಥಲ್ಲಿ ನಮ್ಮ ಮನಸ್ಸೂ ನಂಬಿಕಸ್ಥ ಸಾಕ್ಷಿಯಲ್ಲ. ಅದೇ 2003ರಲ್ಲಿ ತತ್ತ್ವಶಾಸ್ತ್ರಜ್ಞ ಜೋಶುವಾ ನೋಬ್ ಜನರಿಗೆ ಒಂದು ಪುಟ್ಟ ಕಥೆ ಕೊಟ್ಟರು. ಹೊಸ ಯೋಜನೆಯಿಂದ ಪರಿಸರ ಹಾಳಾಗುತ್ತದೆ ಎಂದು ಕಂಪನಿಯ ಅಧ್ಯಕ್ಷನಿಗೆ ಹೇಳುತ್ತಾರೆ. 'ಪರಿಸರ ಏನಾದರೇನು, ಲಾಭ ಬರಲಿ' ಎನ್ನುತ್ತಾನೆ. ಅವನು ಉದ್ದೇಶಪೂರ್ವಕವಾಗಿಯೇ ಹಾನಿ ಮಾಡಿದ ಎಂದವರು ಶೇ. 82. ಕಥೆಯಲ್ಲಿ 'ಹಾಳಾಗುತ್ತದೆ' ಎಂಬುದನ್ನು 'ಸುಧಾರಿಸುತ್ತದೆ' ಎಂದಷ್ಟೇ ಬದಲಿಸಿ ಬೇರೆಯವರಿಗೆ ಕೊಟ್ಟಾಗ, ಉಪಕಾರ ಉದ್ದೇಶಪೂರ್ವಕವಲ್ಲ ಎಂದವರು ಶೇ. 77. ಅಧ್ಯಕ್ಷನ ಅಸಡ್ಡೆ ಎರಡರಲ್ಲೂ ಒಂದೇ. ಕೇಡಾದಾಗ ಮಾತ್ರ ನಮಗೆ ಉದ್ದೇಶ ಕಾಣುತ್ತದೆ.

ಒಂದೇ ತಪ್ಪನ್ನು ದಿಟ್ಟಿಸುವುದಕ್ಕಿಂತ ಹಲವನ್ನು ಸಾಲಾಗಿಟ್ಟು ನೋಡುವುದು ಮೇಲು. ಕೂಡಲು ಬಾರದವನ ಲೆಕ್ಕ ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ. ಕಳ್ಳಲೆಕ್ಕ ಒಂದೇ ಕಡೆಗೆ ವಾಲುತ್ತದೆ. ಒಳ್ಳೆಯ ಪರೀಕ್ಷೆಯೇ, ಆದರೂ ಪೂರ್ತಿ ನೆಚ್ಚುವಂತಿಲ್ಲ. ಮೊತ್ತ ತನಗೆ ನಷ್ಟ ತೋರಿಸಿದಾಗ ಮನುಷ್ಯ ಮತ್ತೆ ಮತ್ತೆ ಕೂಡಿ ನೋಡುತ್ತಾನೆ, ತಪ್ಪು ಸಿಕ್ಕರೆ ತಿದ್ದುತ್ತಾನೆ. ಲಾಭ ತೋರಿಸಿದರೆ ಪುಸ್ತಕ ಮುಚ್ಚುತ್ತಾನೆ. ವರ್ಷದ ಕೊನೆಗೆ ಉಳಿದ ತಪ್ಪುಗಳೆಲ್ಲ ಅವನ ಪಾಲಿಗೇ ವಾಲಿರುತ್ತವೆ. ಅವನು ಬೇಕೆಂದು ಒಂದಂಕಿಯನ್ನೂ ತಿದ್ದಿರುವುದಿಲ್ಲ.