ಗೊತ್ತಿಲ್ಲದ ನೀರಲ್ಲಿ ಮೀನು ಹುಡುಕೋದು ಹೇಗೆ?

ಪ್ರಶ್ನೆ: ಬೇಸಿಗೆ ಬಂತೆಂದರೆ ಹೊಸ ಹೊಸ ತೊರೆ, ಕೆರೆ ಹುಡುಕಿಕೊಂಡು ಗಾಳ ಹಾಕಲು ಹೋಗುತ್ತೇನೆ. "ಇಲ್ಲಿ ಮೀನು ಬೇಕಾದಷ್ಟಿದೆ" ಅಂತ ಹೇಳಿದ ಜಾಗದಲ್ಲೇ ದಿನವಿಡೀ ಕೂತರೂ ಬೆಂಡು ಅಲ್ಲಾಡುವುದಿಲ್ಲ. ಪರಿಚಯವೇ ಇಲ್ಲದ ನೀರಲ್ಲಿ ಮೀನು ಎಲ್ಲಿದೆ ಅಂತ ತಿಳಿಯುವುದು ಹೇಗೆ?

ಉತ್ತರ: ಮೊದಲ ಒಂದು ಗಂಟೆ ಗಾಳ ಬಿಚ್ಚಲೇಬೇಡಿ. ಅಷ್ಟು ದೂರ ಹೋಗಿ ಸುಮ್ನೆ ದಡದ ಮೇಲೆ ಓಡಾಡುವುದು ಕಷ್ಟ, ಗೊತ್ತು. ಆದರೆ ಬಿರುಬೇಸಿಗೆಯಲ್ಲಿ ಮೀನು ನೀರಿನ ತುಂಬ ಹರಡಿಕೊಂಡಿರುವುದಿಲ್ಲ. ಕೆಲವೇ ಕಡೆ ಒಟ್ಟುಗೂಡಿರುತ್ತದೆ. ಉಳಿದ ನೀರು ಹೆಚ್ಚುಕಡಿಮೆ ಖಾಲಿ. ಅಲ್ಲಿ ಎಂಥ ಒಳ್ಳೆ ಎರೆ ಹಾಕಿದರೂ ಅಷ್ಟೇ.

ಆ ಕೆಲವು ಜಾಗ ಯಾವುವು ಅಂತ ತಿಳಿಯಲು ಮೀನಿನ ಕಷ್ಟ ಏನು ಅಂತ ಗೊತ್ತಿರಬೇಕು. ನೀರು ಎಷ್ಟು ಬಿಸಿಯೋ ಮೀನಿನ ಮೈಯೂ ಸುಮಾರಾಗಿ ಅಷ್ಟೇ ಬಿಸಿ. ನೀರು ಕಾದಂತೆ ಅದಕ್ಕೆ ಆಮ್ಲಜನಕ ಜಾಸ್ತಿ ಬೇಕು. ಆದರೆ ಕಾದ ನೀರಲ್ಲಿ ಆಮ್ಲಜನಕ ಕರಗುವುದೇ ಕಡಿಮೆ. 10 ಡಿಗ್ರಿ ಸೆಲ್ಸಿಯಸ್‌ನ ನೀರು ಲೀಟರಿಗೆ ಸುಮಾರು 11 ಮಿಲಿಗ್ರಾಂ ಹಿಡಿದಿಟ್ಟುಕೊಳ್ಳಬಲ್ಲದು. 30 ಡಿಗ್ರಿಗೆ ಬಂದರೆ ಅದು ಏಳೂವರೆಗೆ ಇಳಿಯುತ್ತದೆ. ಹಾಗಾಗಿ ಬೇಸಿಗೆಯಲ್ಲಿ ನಾನು ಮೀನನ್ನು ಹುಡುಕುವುದಿಲ್ಲ. ನೀರು ಎಲ್ಲಿ ತಂಪಾಗಿದೆ, ಎಲ್ಲಿ ಅದಕ್ಕೆ ಗಾಳಿ ಬೆರೆಯುತ್ತಿದೆ ಅಂತ ಹುಡುಕುತ್ತೇನೆ.

ತೊರೆಯಲ್ಲಿ ಈ ಕೆಲಸ ಸುಲಭ, ಯಾಕೆಂದರೆ ಮುಕ್ಕಾಲು ಪಾಲು ಕಣ್ಣಿಗೇ ಕಾಣುತ್ತದೆ. ಕಲ್ಲುಗಳ ಮೇಲೆ ನೀರು ಮುಗ್ಗರಿಸಿ ಬೆಳ್ಳಗೆ ನೊರೆಯಾಗುವ ಕಡೆ ಗಾಳಿ ಬೆರೆಯುತ್ತದೆ. ಆ ನೊರೆ ಹೋಗಿ ಮಡುವಿಗೆ ಬೀಳುವ ಬಾಯಿ ಇದೆಯಲ್ಲ, ಅದನ್ನು ಮೊದಲು ನೋಡಿ. ಮಡುವಿನ ನಡುಭಾಗ ಎಷ್ಟೇ ಆಳವಾಗಿ, ಆಸೆ ಹುಟ್ಟಿಸುವಂತೆ ಕಂಡರೂ ಅದು ಆಮೇಲೆ. ಇನ್ನೊಂದು, ವೇಗದ ನೀರೂ ನಿಧಾನದ ನೀರೂ ಪಕ್ಕಪಕ್ಕ ಹರಿಯುವ ಗೆರೆ. ನೊರೆ, ಒಣಗಿದ ಎಲೆ, ಹುಳ ಎಲ್ಲ ಆ ಗೆರೆ ಹಿಡಿದು ತೇಲುತ್ತವೆ. ಮೀನು ನಿಧಾನದ ಕಡೆ ಸುಸ್ತಾಗದೆ ನಿಂತು, ವೇಗದ ಕಡೆಯಿಂದ ಬರುವ ತಿಂಡಿಗೆ ಬಾಯಿ ಹಾಕುತ್ತದೆ. ದೊಡ್ಡ ಬಂಡೆಯ ಹಿಂದೆ ಮೀನಿರುತ್ತದೆ ಅಂತ ಎಲ್ಲರಿಗೂ ಗೊತ್ತು. ಬಂಡೆಯ ಮುಂದೆಯೂ ನೀರು ಒತ್ತರಿಸಿ ನಿಧಾನವಾಗುವ ಒಂದು ಸಣ್ಣ ಜಾಗ ಇರುತ್ತದೆ. ಅಲ್ಲಿಗೆ ಗಾಳ ಹಾಕುವವರು ಕಡಿಮೆ.

ತೊರೆಯ ತಿರುವುಗಳಲ್ಲಿ ಹೊರಗಿನ ದಡವನ್ನು ನೀರು ಕೊರೆಯುತ್ತದೆ, ಒಳಗಿನ ದಡಕ್ಕೆ ಮರಳು ತಂದು ಹಾಕುತ್ತದೆ. ಆದ್ದರಿಂದ ಆಳವೂ ನೆರಳೂ ಸಾಮಾನ್ಯವಾಗಿ ಹೊರಗಿನ ದಡಕ್ಕೆ. ಬೇರುಗಳು ಇಳಿಬಿದ್ದು, ದಡದ ಕೆಳಗೆ ಪೊಳ್ಳಾಗಿದ್ದರೆ ಇನ್ನೂ ಒಳ್ಳೆಯದು.

ಒರತೆ ಸಿಕ್ಕರಂತೂ ಬಿಡಬೇಡಿ. ನೆಲದೊಳಗಿನ ನೀರಿನ ಬಿಸಿ ಆ ಜಾಗದ ಇಡೀ ವರ್ಷದ ಸರಾಸರಿಗೆ ಹತ್ತಿರ ಇರುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಅದು ತೊರೆಯ ನೀರಿಗಿಂತ ತಂಪು. ಸುತ್ತಲೂ ಹುಲ್ಲು ಒಣಗಿದ್ದರೂ ದಡದ ಒಂದು ಕಡೆ ಮಾತ್ರ ಹಸಿರು, ಹಾವಸೆ, ಜೌಗು ಕಂಡರೆ ಅಲ್ಲಿ ನೀರು ಜಿನುಗುತ್ತಿರಬಹುದು. ಕಾಲಿಟ್ಟು ನೋಡಿ. ತಂಪು ಪಾದಕ್ಕೇ ಗೊತ್ತಾಗುತ್ತದೆ. ಆದರೆ ಒರತೆಯ ಬಾಯಲ್ಲೇ ಕೆಲವೊಮ್ಮೆ ಆಮ್ಲಜನಕ ಕಮ್ಮಿ ಇರುತ್ತದೆ. ಸ್ವಲ್ಪ ಕೆಳಗೆ, ಅದು ಹರಿವಿನೊಂದಿಗೆ ಬೆರೆಯುವ ಕಡೆ ಗಾಳ ಹಾಕುವುದು ವಾಸಿ.

ಈಗ ಕೆರೆ. ಇಲ್ಲೇ ನಾನು ತುಂಬ ದಿನ ಮೋಸ ಹೋದೆ. "ಬಿಸಿಲಿಗೆ ಮೀನು ಆಳಕ್ಕೆ ಇಳಿಯುತ್ತದೆ" ಅನ್ನುವ ಮಾತು ನಂಬಿ, ಒಂದು ದೊಡ್ಡ ಕೆರೆಯ ಅತಿ ಆಳದ ಮೂಲೆ ಹುಡುಕಿ, ಎರೆಯನ್ನು ತಳಕ್ಕೇ ಬಿಟ್ಟು ಬೆಳಗಿನಿಂದ ಸಂಜೆವರೆಗೆ ಕಾದಿದ್ದೆ. ಎರೆಹುಳು ಹೋದ ಹಾಗೇ ವಾಪಸ್ ಬಂತು. ಆ ಮಾತು ಪೂರ್ತಿ ಸುಳ್ಳಲ್ಲ, ಅರ್ಧ ನಿಜ. ಆಳದ ಕೆರೆಗಳಲ್ಲಿ ಬೇಸಿಗೆಯಲ್ಲಿ ನೀರು ಪದರ ಪದರವಾಗುತ್ತದೆ. ಬಿಸಿ ನೀರು ಹಗುರ, ಮೇಲೆ ನಿಲ್ಲುತ್ತದೆ. ತಣ್ಣೀರು ಭಾರ, ಕೆಳಗೆ ಉಳಿಯುತ್ತದೆ. ಎರಡರ ನಡುವೆ ತೆಳುವಾದ ಒಂದು ಪದರದಲ್ಲಿ ಬಿಸಿ ಸರಕ್ಕನೆ ಇಳಿಯುತ್ತದೆ. ಈಜುವಾಗ ಕಾಲು ಇಳಿಬಿಟ್ಟರೆ ಪಾದಕ್ಕೆ ಒಮ್ಮೆಲೇ ಚಳಿ ತಾಗುತ್ತದೆ ಅಲ್ವಾ, ಅದೇ. ಕೆಳಗಿನ ತಣ್ಣೀರಿಗೆ ಮೇಲಿನ ಗಾಳಿಯ ಸಂಪರ್ಕ ತಪ್ಪಿಹೋಗುತ್ತದೆ. ತಳದಲ್ಲಿ ಕೊಳೆಯುವ ಎಲೆ, ಪಾಚಿ ಅಲ್ಲಿದ್ದ ಆಮ್ಲಜನಕವನ್ನೂ ತಿಂದುಹಾಕುತ್ತವೆ. ಪಾಚಿ ಹೆಚ್ಚಿರುವ ಕೆರೆಯಲ್ಲಿ ಬೇಸಿಗೆ ಮುಗಿಯುವ ಹೊತ್ತಿಗೆ ತಳದಲ್ಲಿ ಮೀನಿಗೆ ಉಸಿರೇ ಇರುವುದಿಲ್ಲ. ನನ್ನ ಎರೆಹುಳು ಇಡೀ ದಿನ ಕೂತಿದ್ದು ಅಂಥ ಜಾಗದಲ್ಲಿ ಅಂತ ಈಗ ಅನ್ನಿಸುತ್ತದೆ.

ಹಾಗಾಗಿ ಆಳದ ಕೆರೆಯಲ್ಲಿ ಆ ಚಳಿ ಪದರದ ಸ್ವಲ್ಪ ಮೇಲೆ ಎರೆ ನಿಲ್ಲಬೇಕು. ಪದರ ಎಲ್ಲಿದೆ ಅಂತ ಅಳೆಯಲು ಹಳೆಯ ಉಪಾಯ ಒಂದಿದೆ. ಬಾಟಲಿಗೆ ಭಾರ ಕಟ್ಟಿ, ಬಿರಡೆಗೆ ಬೇರೆ ದಾರ ಕಟ್ಟಿ ಇಳಿಸಿ. ಬೇಕಾದ ಆಳದಲ್ಲಿ ಬಿರಡೆ ಎಳೆದರೆ ಅಲ್ಲಿನ ನೀರು ಒಳಗೆ ತುಂಬುತ್ತದೆ. ಬೇಗ ಮೇಲೆತ್ತಿ ಥರ್ಮಾಮೀಟರ್ ಅದ್ದಿ. ಒಂದೊಂದೇ ಮೀಟರ್ ಇಳಿಸುತ್ತಾ ಹೋದರೆ ಬಿಸಿ ಸರಕ್ಕನೆ ಇಳಿಯುವ ಆಳ ಸಿಗುತ್ತದೆ. ಆಳ ಕಡಿಮೆ ಇದ್ದು ಗಾಳಿಗೆ ಕದಡುವ ಕೆರೆಯಲ್ಲಿ ಇಂಥ ಪದರ ನಿಲ್ಲುವುದಿಲ್ಲ. ಅಲ್ಲಿ ನೀರು ಒಳಬರುವ ಬಾಯಿ, ಮರದ ನೆರಳು, ಜೊಂಡಿನ ಅಂಚು, ಗಾಳಿ ಬೀಸಿ ಅಲೆ ಬಡಿಯುವ ದಡ ನೋಡಿ. ಅಲೆ ಬಡಿಯುವ ಕಡೆ ಕೂರಲು ಹಿತ ಇರುವುದಿಲ್ಲ, ದಾರ ಹಾರುತ್ತದೆ. ಆದರೂ ಗಾಳಿ ಬೆರೆಯುವುದೂ ಅಲ್ಲೇ, ತೇಲುವ ತಿಂಡಿ ಬಂದು ಸೇರುವುದೂ ಅಲ್ಲೇ.

ಎಲ್ಲ ಮೀನಿಗೂ ಒಂದೇ ಲೆಕ್ಕ ಅಲ್ಲ. ಟ್ರೌಟ್‌ಗೆ 20 ಡಿಗ್ರಿ ದಾಟಿದರೆ ಒದ್ದಾಟ ಶುರು. ಕಾರ್ಪ್‌ಗೆ 25 ಡಿಗ್ರಿ ಆರಾಮ. ಕೊರವ ಮೀನು ಮೇಲೆ ಬಂದು ಗಾಳಿಯನ್ನೇ ಉಸಿರಾಡುತ್ತದೆ, ಹಾಗಾಗಿ ಬೇರೆ ಮೀನು ನಿಲ್ಲದ ಬಿಸಿ ಹೊಂಡದಲ್ಲೂ ಅದು ಜೊಂಡಿನೊಳಗೆ ಹಾಯಾಗಿರುತ್ತದೆ.

ಹೊತ್ತಿನ ವಿಷಯ. ಬೆಳಗಿನ ಜಾವ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ. ತೊರೆಯಲ್ಲಿ ಅದು ನಿಜ, ಆಗ ನೀರು ಅತಿ ತಂಪು. ಪಾಚಿಗಟ್ಟಿದ ಹಸಿರು ಕೆರೆಯಲ್ಲಿ ಮಾತ್ರ ಲೆಕ್ಕ ತಪ್ಪುತ್ತದೆ. ಪಾಚಿ ಹಗಲು ಆಮ್ಲಜನಕ ಬಿಡುತ್ತದೆ, ರಾತ್ರಿಯಿಡೀ ಅದನ್ನೇ ಹೀರುತ್ತದೆ. ಸೂರ್ಯ ಹುಟ್ಟುವ ಹೊತ್ತಿಗೆ ಆಮ್ಲಜನಕ ಅತಿ ಕಡಿಮೆ. ಆಗ ಮೀನುಗಳು ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದರೆ ಅದು ಹಸಿವಲ್ಲ, ಉಸಿರುಗಟ್ಟಿದ್ದು. ಎರೆ ಹಾಕಬೇಡಿ, ಬೇರೆ ನೀರು ನೋಡಿ. ಅಂಥ ಕೆರೆಗೆ ಸಂಜೆಯೇ ಸರಿ. ನೀರಿನ ಮೇಲೆ ಬಣ್ಣ ಚೆಲ್ಲಿದ ಹಾಗೆ ನೀಲಿ-ಹಸಿರು ಕೆನೆ ಕಟ್ಟಿದ್ದರೆ ಅದು ವಿಷಕಾರಿ ಇರಬಹುದು. ಕೈಯನ್ನೂ ಅದ್ದಬೇಡಿ, ನಾಯಿಯನ್ನೂ ಬಿಡಬೇಡಿ.

ತಳ ಹೇಗಿದೆ ಅಂತ ತಿಳಿಯಲು ಗಾಳದ ಬೆಂಡೇ ಸಾಕು. ಬೆಂಡನ್ನು ಮುಳುಗಿಸುವಷ್ಟು ಭಾರದ ಸೀಸವನ್ನು ಕೊಕ್ಕೆಗೆ ಸಿಕ್ಕಿಸಿ ಎಸೆಯಿರಿ. ಬೆಂಡು ಪೂರ್ತಿ ಮುಳುಗಿದರೆ ಆಳ ನಿಮ್ಮ ಅಂದಾಜಿಗಿಂತ ಹೆಚ್ಚು. ಅಡ್ಡ ಮಲಗಿದರೆ ಕಡಿಮೆ. ನಾಲ್ಕಾರು ಕಡೆ ಹೀಗೆ ನೋಡಿದರೆ ತಳ ಎಲ್ಲಿ ಒಮ್ಮೆಲೇ ಇಳಿಯುತ್ತದೆ ಅಂತ ಗೊತ್ತಾಗುತ್ತದೆ. ಆ ಅಂಚು ಬೆಲೆಬಾಳುವ ಜಾಗ.

ಇಷ್ಟೆಲ್ಲ ಕಂಡುಹಿಡಿದು ಧಡಧಡ ನಡೆದು ಹೋದರೆ ಎಲ್ಲ ವ್ಯರ್ಥ. ಮೀನು ಮೈಪಕ್ಕದ ಗೆರೆಯಿಂದಲೇ ಅದುರು ಗ್ರಹಿಸುತ್ತದೆ. ತೊರೆಯಲ್ಲಿ ಅದು ಸಾಮಾನ್ಯವಾಗಿ ಹರಿವಿಗೆ ಎದುರು ಮುಖ ಮಾಡಿ ನಿಂತಿರುತ್ತದೆ, ಹಾಗಾಗಿ ಕೆಳಗಿನಿಂದ ಮೇಲಕ್ಕೆ, ಬಗ್ಗಿಕೊಂಡು ಹೋಗಿ. ನಿಮ್ಮ ನೆರಳು ನೀರಿಗೆ ಬೀಳದಿರಲಿ. ಪೋಲರೈಸ್ಡ್ ಕನ್ನಡಕ ಇದ್ದರೆ ನೀರಿನ ಮೇಲಿನ ಹೊಳಪು ಕಡಿಮೆಯಾಗಿ ತಳ ಕಾಣುತ್ತದೆ.

ಆ ನೀರಿಗೆ ಅನುಮತಿ ಬೇಕಾ, ಮೀನು ಮೊಟ್ಟೆ ಇಡುವ ಕಾಲಕ್ಕೆ ನಿಷೇಧ ಇದೆಯಾ ಅಂತ ಹೋಗುವ ಮೊದಲೇ ಕೇಳಿಕೊಳ್ಳಿ. ತೊರೆಯ ನೀರು ಇದ್ದಕ್ಕಿದ್ದ ಹಾಗೆ ಕೆಂಪಾಗಿ ಕಸಕಡ್ಡಿ ತೇಲಿಬಂದರೆ ಮೇಲೆಲ್ಲೋ ಮಳೆಯಾಗಿದೆ ಎಂದರ್ಥ, ಸಾಮಾನು ಬಿಟ್ಟಾದರೂ ದಡ ಹತ್ತಿ. ಗುಡುಗು ಕೇಳಿದರೆ ಕಾರ್ಬನ್‌ನ ಗಾಳದ ಕೋಲು ಕೆಳಗಿಟ್ಟು ದೂರ ಹೋಗಿ, ಅದರಲ್ಲಿ ಕರೆಂಟ್ ಹರಿಯುತ್ತದೆ. ಹಿಡಿದ ಮೀನನ್ನು ವಾಪಸ್ ಬಿಡುವವರಾದರೆ ಬಿಸಿ ನೀರಲ್ಲಿ ಅದನ್ನು ಬಹಳ ಹೊತ್ತು ಆಡಿಸಬೇಡಿ. ಕೈ ಒದ್ದೆ ಮಾಡಿಕೊಂಡು, ನೀರೊಳಗೇ ಕೊಕ್ಕೆ ಬಿಡಿಸಿ.

ಇನ್ನೊಂದು ಕೆಲಸ. ಬಿಸಿಲಿಗೆ ನೀರು ಇಳಿದಿದ್ದರೆ ಫೋನ್ ತೆಗೆದು ದಡದ ಫೋಟೋ ಹಿಡಿದಿಡಿ. ಈಗ ಬಯಲಾಗಿರುವ ಬಂಡೆ, ಬೇರು, ಮೊದಲು ನೀರು ಹರಿದ ಕಾಲುವೆ ಎಲ್ಲ ಮಳೆ ಬಂದ ಮೇಲೆ ಮುಳುಗುತ್ತವೆ. ಆಗ ಮೀನು ಬಂದು ಕೂರುವುದು ಅಲ್ಲೇ. ಹಿಂದೆ ಒಂದು ಮರವೋ ಗುಡ್ಡವೋ ಫೋಟೋದಲ್ಲಿ ಸೇರಿಕೊಂಡಿರಲಿ. ಇಲ್ಲದಿದ್ದರೆ ನೀರು ತುಂಬಿದಾಗ ಯಾವುದು ಎಲ್ಲಿ ಅಂತ ಗುರುತೇ ಸಿಗುವುದಿಲ್ಲ.